ಸುವ್ದಾಳ ಅರವತ್ತೊಂಬತ್ತು

"ಅಣ್ಣಾ, ಈ ಹೆಣಕ್ಕೆ ಎಷ್ಟು ಹೇಳ್ತೀರಿ?"

ಜೀಪಿನ ಅಡಿಯಿಂದ ಚಾಚಿಕೊಂಡಿದ್ದ ಬೂಟುಗಳನ್ನು ನೋಡಿ ದಾಮ್ದಿನ್ ಕೇಳಿದ.

"ಯಾವ ಹೆಣ?"

ಹೆಣ್ಣಿನ ದನಿ! ದಾಮ್ದಿನ್ ತಡವರಿಸಿದ. "ಅದೇ... ಈ ಗಾಡಿ. ಗುಜರಿಗೆ ಹಾಕ್ತಾರಂತ ಯಾರೋ ಹೇಳಿದ್ರು. ನನಗೆ ಗೇರ್‌ಬಾಕ್ಸ್ ಬೇಕಿತ್ತು."

ಮೊದಲು ಮೊಣಕಾಲು, ಆಮೇಲೆ ಗ್ರೀಸ್ ಮೆತ್ತಿದ ಅಂಗಿ, ಕೊನೆಗೆ ಒಂದು ಮುಖ ಹೊರಬಂತು. ಕೆನ್ನೆಯ ಮೇಲೊಂದು ಕಪ್ಪು ಗೆರೆ. ಕಣ್ಣಲ್ಲಿ ಕಿಡಿ.

"ಹೇಳಿದವರಿಗೆ ಹೋಗಿ ಹೇಳಿ, ಇದಿನ್ನೂ ಸತ್ತಿಲ್ಲ. ಹೋಗ್ತಾ ಗೇಟ್ ಹಾಕ್ಕೊಳ್ಳಿ."

ದಾಮ್ದಿನ್ ಹೋದ. ಆದರೆ ಗೇಟ್ ಹಾಕುವಾಗ ಆ ಕಪ್ಪು ಗೆರೆಯನ್ನು ಇನ್ನೊಮ್ಮೆ ನೋಡಿಕೊಂಡೇ ಹೋದ.

ನಮ್ಮ ಮರುಭೂಮಿಯಂಚಿನ ಊರು ಮಂಡಲ್‌ಗೋವಿಯಲ್ಲಿ ಆ ಹಳೆಯ ರಷ್ಯನ್ ಜೀಪಿಗೆ, ಅದರ ಮಾಡೆಲ್ ನಂಬರ್ ಹಿಡಿದು, ಎಲ್ಲರೂ ಕರೆಯುವ ಹೆಸರು 'ಅರವತ್ತೊಂಬತ್ತು'. ಅದರಡಿ ಮಲಗಿದ್ದ ಆ ಹೆಂಗಸು, ಸುವ್ದಾ, ಗಂಡನನ್ನು ಬಿಟ್ಟು ಹೊರಟಾಗ ಹಿರಿಯರು ಕೂತು, "ನಿನಗೇನು ಬೇಕಮ್ಮಾ?" ಎಂದು ಕೇಳಿದ್ದರು. ಡೇರೆಮನೆ ಕೇಳಬಹುದಿತ್ತು, ಕುದುರೆಗಳನ್ನು ಕೇಳಬಹುದಿತ್ತು. ಅವಳು ದೊಡ್ಡಿಯ ಹಿಂದೆ ಆಡುಗಳಿಗೆ ನೆರಳಾಗಿ ನಿಂತಿದ್ದ ಕೆಟ್ಟ ಜೀಪನ್ನು ತೋರಿಸಿದಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾರಿಯ ಹಿಂದೆ ಕಟ್ಟಿ ಎಳೆದು ತಂದಾಗ ಬೀದಿಯೂ ನಕ್ಕಿತು.

ನಕ್ಕವರೆಲ್ಲ ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದದ್ದು ಅವಳ ಸಲೂನಿಗೇ.

"ಏನು ಸುವ್ದಾ, ಇವತ್ತು ಶಾಂಪೂನಾ, ಪೆಟ್ರೋಲಾ?"

"ನಿಮ್ಮ ತಲೆಗೆ ಯಾವುದು ಒಗ್ಗತ್ತೋ ಅದು, ಅಕ್ಕಾ. ಮನೆಗೆ ಹೋಗಿ ಒಲೆ ಹತ್ತಿರ ಮಾತ್ರ ಕೂರಬೇಡಿ."

ಕೆಲವು ದಿನ ಬಿಟ್ಟು ದಾಮ್ದಿನ್ ಮತ್ತೆ ಬಂದ. ದಕ್ಷಿಣದ ರಸ್ತೆಯಲ್ಲಿ ಅವನದೇ ಲಾರಿ ರಿಪೇರಿ ಶೆಡ್ ಇತ್ತು. ಕೈಯಲ್ಲಿ ಅರವತ್ತೊಂಬತ್ತರ ಬ್ರೇಕ್ ಹೋಸ್.

"ಇದು ಎಲ್ಲೂ ಸಿಗಲ್ಲ. ನನ್ನ ಶೆಡ್‌ನಲ್ಲಿ ಸುಮ್ಮನೆ ಬಿದ್ದಿತ್ತು," ಎಂದ.

ಸುವ್ದಾ ಹೋಸನ್ನು ಬಗ್ಗಿಸಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. "ಒಳಗೆ ಬರಬಹುದು. ಆದ್ರೆ ಒಂದು ಮಾತು. ನನ್ನ ಗಾಡಿಗೆ ನೀನು ಸ್ಪ್ಯಾನರ್ ಹಚ್ಚಬಾರದು."

"ಮತ್ತೆ ನಾನೇನು ಮಾಡ್ಲಿ?"

"ಚಹಾ ಮಾಡು. ಉಪ್ಪು ಕಮ್ಮಿ ಇರಲಿ."

ಲಾರಿಗಳ ಎಂಜಿನ್ ಇಳಿಸುವ ದಾಮ್ದಿನ್ ಆ ವಸಂತವೆಲ್ಲ ನಮ್ಮ ಕಡೆಯ ಉಪ್ಪು ಹಾಕಿದ ಹಾಲಿನ ಚಹಾ ಮಾಡಿದ. ಧೂಳಿನ ಗಾಳಿ ಎದ್ದಾಗ ಟಾರ್ಪಾಲಿನ ತುದಿ ಹಿಡಿದು ನಿಂತ. ಅವಳು ಎಂಜಿನ್ ಬಿಚ್ಚಿದಳು, ಪಿಸ್ಟನ್ ರಿಂಗ್ ಬದಲಿಸಿದಳು, ರೇಡಿಯೇಟರಿಗೆ ಬೆಸುಗೆ ಹಾಕಿದಳು. ತುಟಿ ಕಚ್ಚಿಕೊಂಡು ನಟ್ಟು ತಿರುಗಿಸುವಾಗ ಅವಳ ಹಣೆಗೆ ಒಂದು ಎಳೆ ಕೂದಲು ಜಾರುತ್ತಿತ್ತು. ಕೈಯೆಲ್ಲ ಎಣ್ಣೆ. ಅದನ್ನು ಊದಿ ಊದಿ ಹಿಂದಕ್ಕೆ ತಳ್ಳುತ್ತಿದ್ದಳು.

"ಅದನ್ನಾದ್ರೂ ನಾನು ಸರಿಸಬಹುದಾ?" ಒಂದು ದಿನ ಅವನು ಕೇಳಿದ.

"ಅದು ಗಾಡಿಯ ಪಾರ್ಟ್ ಅಲ್ವಲ್ಲ," ಎಂದಳು, ತಲೆ ಎತ್ತದೆ.

ಅವನು ಬೆರಳ ತುದಿಯಿಂದ ಸರಿಸಿದ. ಅವಳ ಕೈಯಲ್ಲಿದ್ದ ನಟ್ಟು ಜಾರಿ ಬಿತ್ತು. ಇಬ್ಬರೂ ಅದನ್ನು ಹುಡುಕಿದರು; ಹುಡುಕಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು.

ಕೊನೆಗೆ ಬಣ್ಣ. ಎಳೆ ಹುಲ್ಲಿನ ಹಸಿರು. ಒಂದು ಬೋಲ್ಟನ್ನೂ ಬಿಡದೆ ಬಳಿದಳು.

ಎಂಜಿನ್ ಮೊದಲ ಸಲವೇ ಹತ್ತಿತು. ಸುವ್ದಾ ಕೇಕೆ ಹಾಕಿದಳು. ಆದರೆ ಊರಾಚೆ ಸ್ವಲ್ಪ ದೂರ ಹೋಗಿದ್ದೇ ಗಾಡಿ ಕೆಮ್ಮಿ ನಿಂತಿತು. ಕಾದು ನೋಡಿದರೆ ಮತ್ತೆ ಹತ್ತಿತು, ಮತ್ತೆ ನಿಂತಿತು. ಕಾಯಿಲ್ ಬದಲಾಯಿಸಿದಳು, ಪಂಪ್ ಬಿಚ್ಚಿ ತೊಳೆದಳು. ಉಹೂಂ. ಬೀದಿಯವರಿಗೆ ನಗಲು ಮತ್ತೆ ಕಾರಣ ಸಿಕ್ಕಿತು.

ದಾಮ್ದಿನ್‌ಗೆ ತಡೆಯಲಾಗಲಿಲ್ಲ. ಅವಳು ಸಲೂನಿನಲ್ಲಿದ್ದಾಗ ಬಂದು ಹೊಸ ಕಾರ್ಬೊರೇಟರ್ ಕೂರಿಸಿದ. ಸಂಜೆ ಬಾನೆಟ್ ಎತ್ತಿದ ಸುವ್ದಾಳ ಮುಖ ಕಲ್ಲಾಯಿತು.

"ಯಾರು ಹೇಳಿದ್ರು ನಿನಗೆ?"

"ನಿನಗೋಸ್ಕರ ಮಾಡಿದೆ, ಸುವ್ದಾ."

"ನನಗೋಸ್ಕರ ಮಾಡೋನು ಮೊದಲೂ ಒಬ್ಬ ಇದ್ದ. ನನಗೋಸ್ಕರ ಅಂತಾನೇ ನನ್ನ ಕೆಲಸ ಬಿಡಿಸಿದ. ನನಗೋಸ್ಕರ ಅಂತಾನೇ ನಾನು ಯಾರ ಹತ್ತಿರ ಮಾತಾಡಬೇಕು ಅಂತ ಹೇಳಿಕೊಟ್ಟ." ಅವಳು ಸ್ಪ್ಯಾನರ್ ಎತ್ತಿ ಕಾರ್ಬೊರೇಟರನ್ನು ಬಿಚ್ಚಿ ಅವನ ಕೈಯಲ್ಲಿಟ್ಟಳು. "ನನಗೋಸ್ಕರ ನಾನಿದ್ದೀನಿ. ತಗೊಂಡು ಹೋಗು."

ಆಮೇಲೆ ಅವನು ಬರಲಿಲ್ಲ. ಬೀದಿಯಲ್ಲಿ ಲಾರಿ ಸದ್ದಾದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ನಿಂತ ಕೈಗೆ ತಾನೇ ಬೈದುಕೊಂಡು ಮತ್ತೆ ಕೆಲಸ ಹಿಡಿಯುತ್ತಿದ್ದಳು.

ಒಂದು ರಜೆಯ ಬೆಳಿಗ್ಗೆ ಅವನು ಗೇಟಿನಾಚೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ತಪ್ಪಾಯ್ತು. ನಿನಗೋಸ್ಕರ ಅಂದಿದ್ದು ಸುಳ್ಳು. ನಿನ್ನ ಮುಂದೆ ದೊಡ್ಡವನಾಗೋಣ ಅಂತ ಮಾಡಿದ್ದು."

ಸುವ್ದಾ ಕೈ ಒರೆಸಿಕೊಂಡು ಬಂದು ಗೇಟ್ ತೆಗೆದಳು. ಇಂಥ ಮಾತನ್ನು ಗಂಡಸಿನ ಬಾಯಲ್ಲಿ ಅವಳು ಕೇಳಿರಲಿಲ್ಲ.

"ಗಾಡಿ ಹತ್ತು," ಎಂದಳು. "ನಿಂತರೆ ತಳ್ಳೋಕೆ ಒಬ್ಬ ಬೇಕು."

ಬಯಲಿನ ನಡುವೆ, ನೆತ್ತಿಯ ಮೇಲೆ ಬಿಸಿಲಿರುವಾಗ, ಗಾಡಿ ನಿಂತೇ ನಿಂತಿತು. ದಾಮ್ದಿನ್ ಬಾಯಿ ತೆರೆದ.

"ಹೇಳಬೇಡ."

ಬಾಯಿ ಮುಚ್ಚಿದ.

ಅವಳು ಎಂಜಿನ್‌ನಿಂದ ಹಿಂದಕ್ಕೆ ಪೆಟ್ರೋಲ್ ಪೈಪನ್ನು ಬೆರಳಿನಲ್ಲಿ ಹಿಡಿದು ಬಂದಳು. ಕಾರ್ಬೊರೇಟರ್ ಬರಿದು. ಪಂಪ್ ಸರಿಯಿದೆ. ಹಾಗಾದರೆ ಟ್ಯಾಂಕೇ ಪೆಟ್ರೋಲ್ ಬಿಡುತ್ತಿಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಉಸ್ಸ್! ಟ್ಯಾಂಕು ಗಾಳಿಯನ್ನು ಜೋರಾಗಿ ಒಳಗೆಳೆದುಕೊಂಡಿತು.

ಸುವ್ದಾ ಮುಚ್ಚಳವನ್ನು ಕಣ್ಣಿಗೆ ಹಿಡಿದಳು. ಗಾಳಿಯಾಡಲು ಇದ್ದ ಸೂಜಿಮೊನೆಯಷ್ಟು ತೂತು ಹಸಿರು ಬಣ್ಣದಲ್ಲಿ ಮುಚ್ಚಿಹೋಗಿತ್ತು. ಅವಳೇ, ಅಷ್ಟು ಪ್ರೀತಿಯಿಂದ, ಬಳಿದ ಬಣ್ಣ.

ಅವಳಿಗೆ ನಗು ತಡೆಯಲಾಗಲಿಲ್ಲ. ಮುಡಿಯಿಂದ ಪಿನ್ ತೆಗೆದು ತೂತು ಬಿಡಿಸಿದಳು. ಕೂದಲೆಲ್ಲ ಗಾಳಿಗೆ ಬಿಚ್ಚಿಕೊಂಡಿತು. ಗಾಡಿ ಹತ್ತಿತು. ಬೆಟ್ಟದ ಬುಡದವರೆಗೆ ಹೋದರೂ ನಿಲ್ಲಲಿಲ್ಲ.

"ನೀನೇನು ಹೇಳೋಕೆ ಹೊರಟಿದ್ದೆ ಆಗ?"

"ಕಾರ್ಬೊರೇಟರ್ರೇ ಅಂತ ಆಣೆ ಇಡ್ತಿದ್ದೆ." ಅವನ ಕಿವಿ ಕೆಂಪಾಯಿತು. "ಈಗ ಬೇರೆ ಮಾತು ಹೇಳಬೇಕು. ನನ್ನನ್ನ ಮದುವೆ ಆಗ್ತೀಯಾ?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಮ್ಮ ನನ್ನನ್ನ ಏನಂತ ಕರೀತಾರೆ?"

"ಗಂಡ ಬಿಟ್ಟವಳು. ಗ್ರೀಸ್ ಕೈಯವಳು." ಅವನು ಮುಚ್ಚಿಡಲಿಲ್ಲ. "ಆದ್ರೂ ಪದ್ಧತಿ ಪ್ರಕಾರ ನಮ್ಮ ಕಡೆಯವರು ಬಂದು ನಿನ್ನನ್ನ ಕರ್ಕೊಂಡು ಹೋಗ್ತಾರೆ. ನಾನು ಒಪ್ಪಿಸ್ತೀನಿ."

"ಯಾರನ್ನೂ ಒಪ್ಪಿಸಬೇಡ. ಒಂದು ಸಲ ಬೇರೆಯವರ ಗಾಡಿಯಲ್ಲಿ ಮದುವಣಗಿತ್ತಿಯಾಗಿ ಹೋಗಿ ನೋಡಿದ್ದೀನಿ. ಈ ಸಲ ನಾನೇ ಬಂದು ನಿನ್ನನ್ನ ಕರ್ಕೊಂಡು ಹೋಗ್ತೀನಿ. ಆಗತ್ತಾ?"

"ಎಷ್ಟು ಹೊತ್ತಿಗೆ ರೆಡಿ ಇರ್ಲಿ?" ಎಂದ ದಾಮ್ದಿನ್.

ಮದುವೆಯ ದಿನ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು, ಹಸಿರು ಜೀಪನ್ನು ತಾನೇ ಓಡಿಸಿಕೊಂಡು ಬಂದ ಸುವ್ದಾ ಅವನ ಮನೆ ಮುಂದೆ ಹಾರ್ನ್ ಹೊಡೆದಳು. ಬೀದಿಯ ಬೇಲಿಗಳ ಮೇಲೆಲ್ಲ ತಲೆಗಳು ಎದ್ದವು. ಗೇಟಿನಲ್ಲಿ ಅವನ ತಾಯಿ ದುಲ್ಮಾ ಕೈಕಟ್ಟಿ ನಿಂತಿದ್ದಳು.

"ಹೆಣ್ಣನ್ನ ಕರ್ಕೊಂಡು ಬರೋದು ಕೇಳಿದ್ದೀನಿ. ಗಂಡನ್ನ ಹೊತ್ಕೊಂಡು ಹೋಗೋದು ಎಲ್ಲಿದೆ?"

"ಇವತ್ತಿಂದ ನಮ್ಮ ಬೀದೀಲಿ ಇದೆ, ಅಮ್ಮಾ."

ದುಲ್ಮಾ ಮಗನ ಕಡೆ ತಿರುಗಿದಳು. ದಾಮ್ದಿನ್ ತಾಯಿಗೆ ಬಾಗಿ ನಮಸ್ಕರಿಸಿದ. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಜೀಪನ್ನು ಬಳಸಿ ನಡೆದು ಸುವ್ದಾಳ ಪಕ್ಕದ ಸೀಟಿನಲ್ಲಿ ಕೂತ.

ದುಲ್ಮಾ ಸರ್ರನೆ ಒಳಗೆ ಹೋದಳು. ಸುವ್ದಾ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಆದರೆ ಮುದುಕಿ ಹಾಲಿನ ಬಕೆಟ್ಟು, ಸೌಟು ಹಿಡಿದು ಹೊರಗೆ ಬಂದಳು.

"ಹೊರಟವರಿಗೆ ದಾರಿ ಒಳ್ಳೇದಾಗ್ಲಿ ಅಂತ ಹಾಲು ಚೆಲ್ಲದೆ ಕಳಿಸೋಷ್ಟು ಕೆಟ್ಟವಳಲ್ಲ ನಾನು," ಎನ್ನುತ್ತ ಗಾಡಿಯ ಹಿಂದೆ ಒಂದು ಸೌಟು ಹಾಲು ಎರಚಿದಳು. "ಸಂಜೆ ಊಟಕ್ಕೆ ಇಬ್ಬರೂ ಇಲ್ಲಿಗೇ ಬನ್ನಿ. ನಿಧಾನವಾಗಿ ಓಡಿಸು, ಹುಡುಗೀ."

"ನಿಧಾನವಾಗಿ ಓಡಿಸೋಕೆ ಇಷ್ಟೆಲ್ಲ ಕಷ್ಟಪಟ್ಟಿದ್ದಲ್ಲ, ಅಮ್ಮಾ!" ಎಂದಳು ಸುವ್ದಾ, ಮತ್ತು ಬೀದಿಯ ತುಂಬ ಧೂಳೆಬ್ಬಿಸಿ ಹೊರಟಳು.