ಮುಸ್ಸಂಜೆಗೆ ಹಚ್ಚಿದ ಟಾರ್ಚ್

ಕಡೂರು ಸ್ಟೇಷನ್ನಿನ ಮೆಟ್ಟಿಲು ಇಳಿಯುವ ಮೊದಲೇ ಬಸವೇಶ್ ಮೊಬೈಲಿನ ಟಾರ್ಚ್ ಹಚ್ಚಿದ. ಪಡುವಣದಲ್ಲಿ ಕೆಂಪು ಇನ್ನೂ ಆರಿರಲಿಲ್ಲ.

“ಹುಡುಗಿ ಮುಖ ನೋಡೋಕೂ ಟಾರ್ಚ್ ಬೇಕಾಯ್ತಾ, ಬಾವ?” ಎಂದಳು ಸ್ಫೂರ್ತಿ.

“ಮುಖ ನಂಗೆ ಬಾಯಿಪಾಠ ಆಗೈತೆ. ಇದು ಮೆಟ್ಲಿಗೆ.”

ಅವಳು ನಕ್ಕಳು. ಅವನು ಅವಳ ಬ್ಯಾಗನ್ನು ಹೆಗಲಿಗೇರಿಸಿ, ಅವಳ ಮೊಣಕೈ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಬೆಳಕು ಬಿಟ್ಟು ನಿಧಾನವಾಗಿ ಇಳಿದ. ಹಿಡಿದ ಕೈಯ ಬಿಸುಪು ಅವಳಿಗೆ ಹಿತವಾಗಿತ್ತು. ಕೆಳಗೆ ಬರುವಷ್ಟರಲ್ಲಿ ಆ ಹಿತದ ಅಡಿಯಲ್ಲಿ ಏನೋ ತಣ್ಣಗೆ ಕದಲಿತು. ಕಳೆದ ಸಲ ಬಂದಾಗಲೂ ಅವನು ಹೀಗೇ ಮಾಡಿದ್ದ. ಅದಕ್ಕೂ ಹಿಂದಿನ ಸಲ?

ಬಸವೇಶ್ ತರೀಕೆರೆಯ ಅತ್ತೆಯ ಮಗ. ಪ್ರವಾಸಿಗರನ್ನು ಜೀಪಿನಲ್ಲಿ ಕೆಮ್ಮಣ್ಣುಗುಂಡಿಗೆ ಹತ್ತಿಸಿ ಇಳಿಸುವುದು ಅವನ ಕೆಲಸ. ಅವಳ ಮನೆ ಅಜ್ಜಂಪುರದಲ್ಲಿ. ಈ ರಜೆಯಲ್ಲಿ ಎರಡೂ ಮನೆಯವರು ಕೂತು ಮದುವೆ ಮಾತು ಮುಗಿಸುವುದೆಂದು ಆಗಿತ್ತು. ಅವರಿಬ್ಬರ ಮಟ್ಟಿಗೆ ಅದು ಎಂದೋ ಕಣ್ಣಲ್ಲೇ ಮುಗಿದ ಮಾತು.

ಸ್ಫೂರ್ತಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಕಣ್ಣಿನ ಚಿತ್ರ ತೆಗೆಯುತ್ತಿದ್ದಳು. ಇಲಿಗೆ ಮಂಪರು ಬರಿಸಿ, ಪಾಪೆ ಹಿಗ್ಗುವ ಹನಿ ಹಾಕಿ, ಕಣ್ಣು ಒಣಗದಂತೆ ಜೆಲ್ ಸವರಿ ಯಂತ್ರದೆದುರು ಮಲಗಿಸಿದರೆ, ಕಣ್ಣಿಗೆ ಕಾಣದ ಬೆಳಕೊಂದು ಒಳಹೊಕ್ಕು ರೆಟಿನಾದ ಪದರಗಳನ್ನು ಪರದೆಯ ಮೇಲೆ ತೆರೆದಿಡುತ್ತದೆ. ಇಲಿಯನ್ನು ಕೊಲ್ಲಬೇಕಿಲ್ಲ. ಅದೇ ಇಲಿಯನ್ನು ವಾರ ವಾರವೂ ನೋಡಬಹುದು. ಅವಳ ಇಲಿಗಳದು ಹುಟ್ಟಿನಿಂದ ಬಂದ ರೋಗ. ಮಸುಕು ಬೆಳಕಿನಲ್ಲಿ ನೋಡುವ ಕೋಶಗಳು ಮೊದಲು ಸಾಯುತ್ತವೆ. ಪದರ ತೆಳ್ಳಗಾಗುತ್ತ ಹೋಗಿ ಒಂದು ದಿನ ಇಲ್ಲವಾಗುತ್ತದೆ. ಕತ್ತಲಿಗೆ ಹೊಂದಿಸಿದ ಇಲಿಗಳನ್ನು ಪರೀಕ್ಷಿಸುವಾಗ ಕೋಣೆಯಲ್ಲಿ ಕೆಂಪು ದೀಪವೊಂದೇ ಉರಿಯುತ್ತಿತ್ತು. ಅಂಥ ದಿನ ಅವಳು ಸ್ಟೂಲು ಬೀಳಿಸುವುದು, ಜೊತೆಯವರು ಬಿರುಗಾಳಿ ಬಂತು ಎಂದು ರೇಗಿಸುವುದು ಮಾಮೂಲಾಗಿತ್ತು.

ಮನುಷ್ಯರಿಗೂ ಈ ರೋಗ ಬರುತ್ತದೆ. ಪದರ ಸವೆಯಲು ಅವರಲ್ಲಿ ವರ್ಷಗಳು ಬೇಕು, ಅಷ್ಟೆ. ಇಬ್ಬರಿಗೂ ತಾತನಾದ ತಮ್ಮಯ್ಯನಿಗೆ ಮೊದಲು ಇರುಳುಗುರುಡು ಬಂದು, ನಡುವಯಸ್ಸಿಗೆ ಹಗಲೂ ಹೋಗಿತ್ತು. ಆಮೇಲೆ ಬಳಗದೊಳಗೇ ಕೊಟ್ಟು ತಂದು ಮದುವೆಗಳಾದವು. ಸ್ಫೂರ್ತಿಯ ಅಪ್ಪ ಹಿರಿಯ ಅಕ್ಕನ ಮಗಳನ್ನೇ ಕಟ್ಟಿಕೊಂಡಿದ್ದರು. ಬಸವೇಶನ ತಾಯಿಯಾದ ಕಿರಿಯ ಅತ್ತೆಯನ್ನೂ ಹೊರಗೆ ಕೊಟ್ಟಿರಲಿಲ್ಲ. ಆಮೇಲೆ ಯಾರ ಕಣ್ಣಿಗೂ ಏನೂ ಆಗದ್ದರಿಂದ ತಾತನದು ಹಣೆಬರಹವೆಂದು ಎಲ್ಲರೂ ಮರೆತಿದ್ದರು. ತಾಯಿ ತಂದೆ ಇಬ್ಬರಲ್ಲೂ ಅಡಗಿ ಕೂತ ದೋಷ ಮಗುವಿನಲ್ಲಿ ಒಟ್ಟಾಗುವುದು ಸ್ಫೂರ್ತಿಗೆ ಗೊತ್ತಿತ್ತು.

ಜೀಪು ಅಜ್ಜಂಪುರದ ದಾರಿ ಹಿಡಿದಾಗ ಅವಳಿಗೆ ಕಂಡದ್ದು ಆ ನೆಟ್ಟನೆಯ ರಸ್ತೆಯಲ್ಲ, ಕೆಮ್ಮಣ್ಣುಗುಂಡಿಯ ತಿರುವುಗಳು, ಮಂಜು, ಪಕ್ಕದ ಪ್ರಪಾತ. ಕಂಬಿ ಹಿಡಿದೇ ಕೂತಳು.

“ಯಾಕೆ, ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?”

“ಎದುರಿಗೆ ನೋಡ್ಕೊಂಡು ಓಡ್ಸು.”

ಮಾರನೆಯ ಸಂಜೆ, ಅವನಿಗೂ ಇರುಳುಗುರುಡು ಎಂಬುದರಲ್ಲಿ ಅವಳಿಗೆ ಅನುಮಾನವೂ ಉಳಿಯಲಿಲ್ಲ. ಕರೆಂಟ್ ಹೋಗಿತ್ತು. ಅಮ್ಮ ಜಯಲಕ್ಷ್ಮಮ್ಮ ಒಳಗಿನಿಂದ ಕಾಫಿಗೆ ಕರೆದರು. ಹಿತ್ತಿಲಿನಿಂದ ಬಂದ ಸ್ಫೂರ್ತಿ ಬಾಗಿಲಲ್ಲೇ ನಿಂತಳು. ಬಸವೇಶ್ ನಡುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೀದಿಬಾಗಿಲ ಬೆಳಕಿಗೆ ಅವನ ಆಕಾರವಷ್ಟೇ ಕಾಣುತ್ತಿತ್ತು. ಕೈ ನೆಲದ ಮೇಲೆ ಅತ್ತಿತ್ತ ಓಡಾಡುತ್ತಿತ್ತು. ಏನೋ ಗೋಡೆಯ ಕಡೆಗೆ ಸರಿದ ಸದ್ದಾಯಿತು.

“ಏನು ಹುಡುಕ್ತಿದೀಯ?”

“ಏನಿಲ್ಲ,” ಎನ್ನುತ್ತ ಅವನು ಎದ್ದ. ಮಾತು ಬದಲಿಸುವವನಂತೆ ಜಯಲಕ್ಷ್ಮಮ್ಮನ ಕೈಯಿಂದ ಲೋಟ ತಂದು ಸ್ಫೂರ್ತಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಅದರ ಸುತ್ತ ಮಡಿಸಿದ. ಬೇರೆ ದಿನವಾಗಿದ್ದರೆ ಆ ಒಂದು ಕ್ಷಣವನ್ನು ಅವಳು ಮೈಸೂರಿನವರೆಗೂ ಜೋಪಾನವಾಗಿ ಒಯ್ಯುತ್ತಿದ್ದಳು. ಈಗ ಕಾಫಿ ಕುಡಿಯದೆ ಲೋಟ ಕೆಳಗಿಟ್ಟಳು. ತಾತನೂ ಹೀಗೇ ಮುಟ್ಟಿ ಮುಟ್ಟಿ ಕೊಡುತ್ತಿದ್ದನೆಂದು ಕೇಳಿದ್ದಳು.

ಕಡೂರಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ಗೆಳತಿ ನಜೀರಾ ಕೆಲಸ ಮಾಡುತ್ತಿದ್ದಾಳೆಂದೂ, ಅಲ್ಲಿಗೆ ತನ್ನ ಇಲಿ ಯಂತ್ರದಂಥದೇ ಮನುಷ್ಯರ ಯಂತ್ರ ಬಂದಿದೆಯೆಂದೂ ಹೇಳಿ, ಸುಮ್ಮನೆ ಒಂದು ಸಲ ಬಂದು ಕೂರಬೇಕೆಂದು ಕೇಳಿದಳು. ಅವನು ಅವಳನ್ನೇ ತುಂಬ ಹೊತ್ತು ನೋಡಿದ.

“ಕೂತ್ಕತೀನಿ. ನೀನು ಜೊತೆಗಿದ್ರೆ.”

ಯಾಕೆ ಎಂದು ಕೇಳಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅವನಿಗೆ ಗೊತ್ತಿದೆ, ಗೊತ್ತಿದ್ದೂ ಜೀಪು ಓಡಿಸುತ್ತಿದ್ದಾನೆ.

ಮರುದಿನ ಕ್ಲಿನಿಕ್ಕಿನಲ್ಲಿ ನಜೀರಾ ಅವನ ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಇಡಿಸಿ, “ಅಲ್ಲಾಡ್ಬೇಡಿ ಕಣ್ರೀ. ನಿಮ್ಮ ಹುಡುಗಿಯ ಇಲಿಗಳಾದ್ರೆ ಮಲಗಿರ್ತವೆ, ನಿಮ್ಮನ್ನ ಹಂಗೆ ಮಲಗಿಸೋಕಾಗಲ್ಲ” ಎಂದಳು. ಸ್ಫೂರ್ತಿ ಪರದೆಗೆ ಬೆನ್ನು ಹಾಕಿ ನಿಂತಿದ್ದಳು. ನಜೀರಾ ಕರೆದ ಮೇಲೆ ತಿರುಗಿದಳು. ಪದರಗಳು ಒಂದರ ಮೇಲೊಂದು ಒತ್ತಾಗಿ, ಎಲ್ಲೂ ಹರಿಯದೆ ಅಂಚಿನಿಂದ ಅಂಚಿಗೆ ಹೋಗಿದ್ದವು. ಎರಡನೆಯ ಕಣ್ಣೂ ಹಾಗೆಯೇ. ಅವಳು ಕುರ್ಚಿಯ ಬೆನ್ನು ಹಿಡಿದು ಮೊದಲು ನಕ್ಕಳು, ಆಮೇಲೆ ಅತ್ತಳು.

ಅವನು ನಗಲಿಲ್ಲ. ಎದ್ದು ಜಾಗ ಬಿಟ್ಟು, “ಈಗ ನೀನು ಕೂತ್ಕ,” ಎಂದ.

“ನಾನ್ಯಾಕೆ?”

“ನೀನು ಹೇಳ್ದೆ, ನಾನು ಕೂತೆ. ಈಗ ನಾನು ಹೇಳ್ತಿದೀನಿ.”

ಹಗುರಾದ ಮನಸ್ಸಿನಲ್ಲಿ ಅವಳು ಕೂತಳು. ಇಲಿಗಣ್ಣಿನ ಅಳತೆಯ ಲೆನ್ಸಿನ ಹಿಂದೆ ಮೂರು ವರ್ಷ ಕಳೆದವಳು ತನ್ನ ಕಣ್ಣನ್ನು ಒಮ್ಮೆಯೂ ಯಾರಿಗೂ ತೋರಿಸಿರಲಿಲ್ಲ. ಹಗಲಲ್ಲಿ ಎಷ್ಟು ಸಣ್ಣ ಅಕ್ಷರವಾದರೂ ಓದುತ್ತಿದ್ದಳು. ತೋರಿಸಬೇಕೆಂದು ಅನ್ನಿಸಿಯೂ ಇರಲಿಲ್ಲ.

ನಜೀರಾ ತಮಾಷೆ ನಿಲ್ಲಿಸಿದಳು. ಇನ್ನೊಂದು ಸಲ ತೆಗೆಯುತ್ತೇನೆಂದಳು. ತೆಗೆದಳು. ಡಾಕ್ಟರನ್ನು ಕರೆಯಲು ಎದ್ದಾಗ ಪರದೆ ತಿರುಗಿಸುವುದನ್ನು ಮರೆತಿದ್ದಳು.

ಸ್ಫೂರ್ತಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಡುವೆ ಒಂದು ಪುಟ್ಟ ತಗ್ಗು. ಇಲಿಗಳಿಗೆ ಅದು ಇರುವುದಿಲ್ಲ. ಮನುಷ್ಯ ಓದುವುದು, ಮುಖ ಗುರುತಿಸುವುದು ಆ ತಗ್ಗಿನಿಂದ. ಅಲ್ಲಿ ಪದರದ ಗೆರೆ ಉಜ್ವಲವಾಗಿತ್ತು. ಅದರ ಎಡಕ್ಕೂ ಬಲಕ್ಕೂ ಸ್ವಲ್ಪ ದೂರ ಹೋಗಿ ಗೆರೆ ಹರಿದಿತ್ತು. ಆಚೆಗೆ ಪದರವೇ ಇರಲಿಲ್ಲ. ಇಂಥ ಚಿತ್ರದ ಕೆಳಗೆ ಇಲಿಯ ಸಂಖ್ಯೆ ಬರೆದು ಅವಳ ಕೈಗೆ ಅಭ್ಯಾಸವಾಗಿತ್ತು. ಇದರ ಕೆಳಗೆ ಅವಳ ಹೆಸರಿತ್ತು.

ಡಾಕ್ಟರು ಮೃದುವಾಗಿ ಮಾತಾಡಿದರು. ಇನ್ನೂ ಪರೀಕ್ಷೆಗಳು ಬೇಕು, ವಂಶದ ದೋಷ ಪತ್ತೆಗೆ ರಕ್ತ ಕೊಡಬೇಕು, ಇದು ನಿಧಾನದ ರೋಗ, ನಡುವಿನ ನೋಟ ವರ್ಷಗಟ್ಟಲೆ ಉಳಿಯಬಹುದು ಎಂದರು. ಅವಳು ತಲೆಯಾಡಿಸುತ್ತಿದ್ದಳು. ಕೆಂಪು ಕೋಣೆಯಲ್ಲಿ ಬಿದ್ದ ಸ್ಟೂಲುಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಹೊರಬಂದಾಗ ಮುಸ್ಸಂಜೆಯಾಗಿತ್ತು. ಕ್ಲಿನಿಕ್ಕಿನ ಜಗಲಿಯಲ್ಲಿ ಅವನು ಟಾರ್ಚ್ ಹಚ್ಚಿದ.

“ಯಾವಾಗಿಂದ ಗೊತ್ತು ನಿಂಗೆ?”

“ಹೋದ ದೀಪಾವಳಿಲಿ ಹೊಸ್ಲಲ್ಲಿದ್ದ ಚೊಂಬು ಎಡವಿ, ಯಾರು ಇಲ್ಲಿಟ್ಟೋರು ಅಂತ ಬೈದ್ಯಲ್ಲ, ಆವಾಗಿಂದ. ಮಿಕ್ಕೋರೆಲ್ಲ ಅದನ್ನ ದಾಟ್ಕಂಡೇ ಓಡಾಡ್ತಿದ್ರು.”

“ನಿನ್ನೆ ನೆಲ ತಡಕ್ತಿದ್ದದ್ದು?”

“ಈಳಿಗೆ ಮಣೆ ದಾರೀಲಿತ್ತು. ನೀನು ಬತ್ತಿದ್ದೆ.”

ಅವಳಿಗೆ ಸಿಟ್ಟು ಬಂತು. “ಹೇಳ್ಲಿಲ್ಲ ಯಾಕೆ?”

“ನಿಂಗೆ ಗೊತ್ತು ಅನ್ಕಂಡಿದ್ದೆ ಕಣೇ. ಅದಕ್ಕೇ ಆ ಇಲಿ ಕಣ್ಣು ಹಿಡ್ಕಂಡು ಕೂತವಳೆ, ಇವಳಾಗಿ ಹೇಳೋವರ್ಗೂ ಕೇಳ್ಬಾರ್ದು ಅಂತ.” ಟಾರ್ಚಿನ ಬೆಳಕನ್ನು ಜಗಲಿಯ ಮೆಟ್ಟಿಲಿಗೆ ತಿರುಗಿಸಿ, “ನಿನ್ನೆ ಕ್ಲಿನಿಕ್ ಅಂದಾಗ, ನಂದು ನೆಪ, ನಿಂದೇ ತೋರಿಸ್ಕಳೋಕೆ ಹೊರಟಿದೀಯ ಅನ್ಕಂಡೆ,” ಎಂದ.

ಅವಳು ಜಗಲಿಯ ಕಂಬಕ್ಕೆ ಒರಗಿದಳು. ಹೇಳಲೇಬೇಕಾದದ್ದು ಒಂದಿತ್ತು. ಅವನ ಕಣ್ಣು ಚೆನ್ನಾಗಿದ್ದ ಮಾತ್ರಕ್ಕೆ ಅವನೊಳಗೆ ದೋಷ ಇಲ್ಲವೆಂದಲ್ಲ, ಅಡಗಿರಬಹುದು, ಇದ್ದರೆ ತಮ್ಮ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಪಾಠ ಒಪ್ಪಿಸುವವಳಂತೆ ಹೇಳಿದಳು.

“ರಕ್ತ ಕೊಡ್ತೀನಿ. ನೋಡಾನ.”

“ಇದ್ರೆ?”

ರಸ್ತೆಯಲ್ಲಿ ಎಳನೀರು ತುಂಬಿದ ಲಾರಿಯೊಂದು ಹೋಯಿತು.

“ಇದ್ರೆ ಮಕ್ಳು ಬೇಡ. ನೀನು ಬೇಕು.”

“ಭಯ ಆಗ್ತಿದೆ, ಬಾವ.”

“ನಂಗೂ.”

ಅವಳು ಕಣ್ಣೊರೆಸಿಕೊಂಡು, “ಟಾರ್ಚ್ ಆರ್ಸು,” ಎಂದಳು. “ನಂಗೆ ಎಷ್ಟು ಕಾಣುತ್ತೆ ಅಂತ ಒಂದ್ಸಲ ನೋಡ್ಬೇಕು. ಇಷ್ಟು ದಿನ ನೋಡೇ ಇಲ್ಲ.”

ಅವನು ಆರಿಸಿದ. ದೂರದ ಬೀದಿದೀಪ ಒಂದು ಚುಕ್ಕೆಯಾಗಿ ಉಳಿಯಿತು. ಜಗಲಿ, ಜೀಪು, ಎದುರಿಗಿದ್ದ ಅವನು, ಎಲ್ಲವೂ ಹೋಯಿತು. ಆದರೂ ಅವಳು ಕೈ ಚಾಚಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು.

“ಇನ್ಮೇಲೆ ನನ್ನ ದಾರೀಲಿ ಏನಾದ್ರೂ ಎತ್ತಿಟ್ರೆ ಹೇಳಿ ಎತ್ತಿಡು. ಕದ್ದುಮುಚ್ಚಿ ಬೇಡ.”

“ಹ್ಞೂಂ.”

ಅವನ ಕೈ ಅವಳ ಕೈಯೊಳಗೆ ಬಂತು. ಬೆರಳುಗಳು ಬಿಗಿಯಾದವು.

“ಎದುರಿಗೆ ಮೆಟ್ಲು,” ಎಂದ ಅವನು. “ಕಡೇದು ಸ್ವಲ್ಪ ಎತ್ತರ.”

ಅವಳು ಕಾಲು ಮುಂದಿಟ್ಟಳು.