ಪಾಳೇಗಾರನ ನಾಲ್ಕಡಿ

ಅವಳು ಒದ್ದೆ ಬಟ್ಟೆಯಿಂದ ಮೀನಿನ ತೊಟ್ಟಿಯ ಗಾಜು ಒರೆಸುತ್ತಿದ್ದಳು. ಬಟ್ಟೆ ಹೋದಲ್ಲೆಲ್ಲ ಪಾಳೇಗಾರ ಒಳಗಿನಿಂದ ಬಂದು ಢೀ ಕೊಡುತ್ತಿದ್ದ. ಅಂಗೈ ಅಗಲದ ಮೈ, ಹಣೆಯ ಮೇಲೊಂದು ಗುಬುಟು, ಕೆಂಡದಂಥ ಕಣ್ಣು. ಎಂಟು ವರ್ಷದ ಹಿಂದೆ ಗಂಡ ತಂದಾಗ ಬೆರಳುದ್ದದ ಮರಿ. ಜೊತೆಗಿರಲೆಂದು ಆಮೇಲೆ ಬಿಟ್ಟ ಮೂರು ಮೀನುಗಳನ್ನು ಬೆಳಗಾಗುವುದರೊಳಗೆ ಚಿಂದಿ ಮಾಡಿದ್ದ. ಹೆಸರು ಬಂದದ್ದು ಅಂದಿನಿಂದಲೇ. ನಾಲ್ಕಡಿ ನೀರು ಪೂರಾ ಅವನೊಬ್ಬನದು.

ಆ ನಾಲ್ಕಡಿಯೇ ಅವಳ ಸಂಕಟ. ಮನೆಗಿದ್ದದ್ದು ಎರಡೇ ಕೋಣೆ. ಒಳಗಿನದರಲ್ಲಿ ಅಡುಗೆ, ಮಂಚ. ಮುಂದಿನದರಲ್ಲಿ ಅವಳ ಹೊಲಿಗೆ ಯಂತ್ರ, ಗಿರಾಕಿಗಳು ಹೊಸ ಬಟ್ಟೆ ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿ. ಕಿಟಕಿಯ ಕೆಳಗೆ, ಒಂದು ಮಂಚ ಹಿಡಿಸುವ ಜಾಗದಲ್ಲಿ, ನೀರಿನ ಡ್ರಮ್ಮು ಸಮೇತ ಈ ದೊರೆ. ಸೊಂಟ ಮುರಿದುಕೊಂಡ ಅವಳ ತಂಗಿ ಬೇರೆ ಊರಿನಲ್ಲಿ, ಸತ್ತ ಗಂಡನ ಅಣ್ಣನ ಮನೆಯ ಉಗ್ರಾಣದಲ್ಲಿ ಮಲಗಿದ್ದಳು. "ಅಕ್ಕಾ, ಇಲ್ಲಿ ಕುಡಿಯೋಕೆ ನೀರು ಕೇಳೋದಕ್ಕೂ ಹೆದರಿಕೆ" ಎಂದು ಕಾಗದ ಬರೆದಿದ್ದಳು.

"ತೊಟ್ಟಿ ಯಾರಿಗಾದ್ರೂ ಕೊಟ್ಬಿಡೋಣ ರೀ," ಎಂದು ಗಂಡನಿಗೆ ಹೇಳಿ ನೋಡಿದಳು.

"ಈ ವಯಸ್ಸಲ್ಲಿ ಜಾಗ ಬದಲಿಸಿದ್ರೆ ಅವ್ನು ಉಳಿಯಲ್ಲ ಕಣೇ. ಅವ್ನ ಕಾಲ ಆದ್ಮೇಲೆ ನೋಡೋಣ."

"ಯಾರ ಕಾಲ ಮೊದಲು ಅಂತ ನಿಮ್ಮ ದೊರೆ ಬರೆದುಕೊಟ್ಟಿದಾನಾ?"

ಗಂಡ ನಕ್ಕುಬಿಟ್ಟ. ಪಂಪು ರಿಪೇರಿ ಮಾಡಿಕೊಂಡು ತಾನಾಯಿತು, ತನ್ನ ಮೀನಾಯಿತು ಎಂದಿರುವ ಮನುಷ್ಯ. ಅವನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ಸಿಟ್ಟೆಲ್ಲ ಗಾಜಿನ ಆಚೆಗೆ ಹೋಯಿತು.

ವಿಷ ಹಾಕಿದರೆ ನೀರೇ ಹೇಳಿಬಿಡುತ್ತದೆ. ತೊಟ್ಟಿಯ ಹೀಟರ್ ಆರಿಸಿದರೆ ಗಂಡನ ಕೈಗೆ ತಂಪು ತಿಳಿಯುತ್ತದೆ. ಅಂಚು ಮಡಿಸುತ್ತ, ಗುಂಡಿ ಹಾಕುತ್ತ ಅವಳು ಒಂದೊಂದನ್ನೂ ಅಳೆದು ಬಿಟ್ಟಳು. ಒಂದು ಮಧ್ಯಾಹ್ನ ಗಿರಾಕಿಯೊಬ್ಬಳು ಕನ್ನಡಿಯನ್ನು ಓರೆ ಮಾಡಿಕೊಂಡಾಗ ಪಾಳೇಗಾರನಿಗೆ ಅದರಲ್ಲಿ ಇನ್ನೊಬ್ಬ ಪಾಳೇಗಾರ ಕಂಡ. ಕಿವಿರು ಅರಳಿಸಿ, ಮೈ ಕಪ್ಪಾಗಿಸಿ, ಗಾಜಿಗೆ ನುಗ್ಗಿದ್ದೇ ನುಗ್ಗಿದ್ದು. ಕನ್ನಡಿ ಸರಿಸಿದ ಮೇಲೂ ಬಹಳ ಹೊತ್ತು ಏದುತ್ತಿದ್ದ.

ಅವನ ಸಾವನ್ನು ಅವನೇ ಮಾಡಿಕೊಳ್ಳಲಿ. ಯಾರು ಹಿಡಿಯುತ್ತಾರೆ?

ಅಂದೇ ತಂಗಿಗೆ ಕಾಗದ ಬರೆದಳು. ಸುಳ್ಳನ್ನು ಒಮ್ಮೆ ಬರೆದುಬಿಟ್ಟರೆ ಬಾಯಿಗೆ ಸಲೀಸಾಗುತ್ತದೆ ಎಂಬ ಯೋಚನೆ. "ನಿನ್ನೆ ನಮ್ಮ ಪಾಳೇಗಾರ ತೀರಿಹೋದ. ವಯಸ್ಸಾಗಿತ್ತು. ಕಿಟಕಿ ಹತ್ತಿರದ ಜಾಗ ಖಾಲಿಯಾಗಿದೆ, ಬಂದುಬಿಡು." ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ಕೆಳಗಿಟ್ಟಳು. ಆದರೆ ಕೈ ಏಳಲಿಲ್ಲ. ಮೂರು ವಾರ ಕಾಗದ ಅಲ್ಲೇ ಬಿದ್ದಿತ್ತು. ಬೆನ್ನಿಗೆ ಹುಣ್ಣಾಗಿದೆ ಎಂದು ತಂಗಿಯ ಇನ್ನೊಂದು ಕಾಗದ ಬಂದ ದಿನ ಎದ್ದಳು.

ಗಂಡ ಕೆಲಸಕ್ಕೆ ಹೊರಟ ಮೇಲೆ ಕನ್ನಡಿಯನ್ನು ತೊಟ್ಟಿಗೆ ಒತ್ತಿ ನಿಲ್ಲಿಸುವಳು. ಸಂಜೆ ಅವನ ಸೈಕಲ್ಲು ಬರುವ ಮುನ್ನ ಗೋಡೆಗೆ ಒರಗಿಸಿ, ಗಾಜಿನ ಗುರುತು ಒರೆಸುವಳು. ಯಂತ್ರ ಎಷ್ಟು ಜೋರಾಗಿ ತುಳಿದರೂ ಟಕ್, ಟಕ್ ಎಂದು ಹಣೆ ಬಡಿಯುವುದು ಕೇಳುತ್ತಿತ್ತು. ಐದನೆಯ ದಿನ ಅವನು ತಿನ್ನುವುದು ಬಿಟ್ಟ. ಒಂಬತ್ತನೆಯ ದಿನ ಅವಳಿಗೂ ಊಟ ಸೇರಲಿಲ್ಲ.

"ಬಿಟ್ಟುಬಿಡೋ, ಅಲ್ಲಿ ಯಾರೂ ಇಲ್ವೋ," ಎಂದಳು ಗಾಜಿಗೆ ಬಗ್ಗಿ. ಕನ್ನಡಿಯನ್ನು ಮಾತ್ರ ತೆಗೆಯಲಿಲ್ಲ.

ಹನ್ನೆರಡನೆಯ ದಿನ ಸಂಜೆ ಗಂಡ ಸತ್ತ ಪಾಳೇಗಾರನನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು ಕೂತಿದ್ದ. ಅಂಗಿಯ ತೋಳು ತೊಟ್ಟಿಕ್ಕುತ್ತಿತ್ತು.

"ಮೂತಿಯೆಲ್ಲ ಕಿತ್ತುಹೋಗಿದೆ ಕಣೇ. ಒಬ್ನೇ ಇದ್ದ. ಯಾರ ಜೊತೆ ಗುದ್ದಾಡಿದ?"

"ವಯಸ್ಸಾಗಿತ್ತಲ್ಲ." ಬರೆದಿಟ್ಟ ಮಾತು, ತೊದಲದೆ ಬಂತು.

ವಾರದೊಳಗೆ ಅವನೇ ತೊಟ್ಟಿ ಬರಿದು ಮಾಡಿ ಸಾಗಿಸಿದ. ಅವನೇ ಮಂಚ ತಂದು ಹಾಕಿದ. "ತಂಗಿಗೆ ಕಾಗದ ಹಾಕೇ. ಖಾಲಿ ಜಾಗ ನೋಡೋಕಾಗ್ತಿಲ್ಲ."

"ಬರೆದಿಟ್ಟಿದೀನಿ ರೀ," ಎಂದಳು. ಯಾವಾಗ ಎಂದು ಅವನು ಕೇಳುತ್ತಾನೆ ಎಂದು ಉತ್ತರವನ್ನೂ ಜೋಡಿಸಿಕೊಂಡೇ ಹೇಳಿದಳು: "ಅವನು ಹೋದ ಮಾರನೇ ದಿನಾನೇ."

"ಕೊಡು, ನಾನೂ ಎರಡು ಸಾಲು ಸೇರಿಸ್ತೀನಿ. ಭಾವನೂ ಕರೆದ್ರೆ ಅವಳಿಗೆ ಸಂಕೋಚ ಇರಲ್ಲ."

ಅವನು ಓದಿದ. ಮತ್ತೆ ಮೇಲಿನಿಂದ ಓದಿದ. ಪೆನ್ನು ತೆಗೆದು ಬರೆದು, ಕಾಗದವನ್ನು ಅವಳ ಮುಂದಿಟ್ಟ. ಕೆಳಗೆ "ಬಾಮ್ಮ, ಇದು ನಿನ್ನದೇ ಮನೆ" ಎಂದಿತ್ತು. ಅವಳ ಕಣ್ಣು ತುಂಬಿತು. ಆಮೇಲೆ ನೋಟ ಕಾಗದದ ಮೇಲ್ತುದಿಗೆ ಹೋಯಿತು. ಬಟ್ಟೆಯ ರಸೀದಿ ಬರೆದು ಬರೆದು ಅವಳ ಕೈಗೊಂದು ರೂಢಿ: ಯಾವ ಕಾಗದ ಹಿಡಿದರೂ ಮೊದಲು ಮೂಲೆಯಲ್ಲಿ ತಾರೀಕು. ಇದರಲ್ಲಿದ್ದದ್ದು ಪಾಳೇಗಾರ ಹೊಟ್ಟೆ ತುಂಬ ತಿಂದು ಓಡಾಡುತ್ತಿದ್ದ ದಿನದ ತಾರೀಕು. ಗಂಡ ಅದನ್ನು ಒಂದೇ ಗೆರೆಯಲ್ಲಿ ಹೊಡೆದು, ಮೀನು ಸತ್ತ ಮಾರನೆಯ ದಿನದ್ದನ್ನು ಬರೆದಿದ್ದ. "ಅವಳಿಗೆ ತಿಳಿಯೋದು ಬೇಡ," ಎಂದಷ್ಟೇ ಹೇಳಿ, ಲಕೋಟೆಗೆ ಅಂಟು ಹಚ್ಚಿ, ಚಪ್ಪಲಿ ಮೆಟ್ಟಿ ಬೀದಿಯ ತುದಿಗೆ ಹೋಗಿ ಅಂಚೆ ಡಬ್ಬಕ್ಕೆ ಹಾಕಿದ.