ಎರಡು ಡಿಗ್ರಿಯ ಕಂಬ

ನರ್ಸ್ ರೊಸೆಂಡಾ ಸೀಸೆಯನ್ನು ಅಲುಗಾಡಿಸಿ ಮೇಜಿನ ಮೇಲಿಟ್ಟಳು. ಬಿಳಿ ಚೂರುಗಳು ತಳಕ್ಕಿಳಿದವು. ಇನ್ನೊಂದು ಸೀಸೆ. ಅದೂ ಹಾಗೆಯೇ. ಲಸಿಕೆ ಹೆಪ್ಪುಗಟ್ಟಿ ಕರಗಿತ್ತು. ಇನ್ನದು ನೀರಿಗೆ ಸಮ. ಇಲೊಇಲೊ ಪಟ್ಟಣದ ಈ ಉಗ್ರಾಣದಿಂದ ಅದೇ ಲಸಿಕೆ ಆಗಲೇ ಹಳ್ಳಿಗಳಿಗೆ ಹೋಗಿ, ಕೂಸುಗಳ ತೊಡೆಗೆ ಚುಚ್ಚಿಯಾಗಿತ್ತು.

ಗೋಡೆಯ ಮೇಲಿನ ಕಂಪ್ಯೂಟರ್ ಪರದೆ ಮಾತ್ರ ಬೇರೆಯೇ ಹೇಳುತ್ತಿತ್ತು. ಫ್ರಿಡ್ಜಿನ ಉಷ್ಣತೆ ಎರಡು ಡಿಗ್ರಿಗಿಂತ ಕೆಳಗೆ ಒಮ್ಮೆಯೂ ಇಳಿದಿಲ್ಲ.

ಪೊಲೀಸ್ ಕ್ಯಾಪ್ಟನ್ ಝೆನೈದಾ ಪಾಲ್ಮೊಸ್ ಬಂದಾಗ ಉಗ್ರಾಣದ ಮುಖ್ಯಸ್ಥ ಡೆಲ್ಫಿನ್ ಸಿಡುಕುತ್ತಿದ್ದ. ಹೊಸ ಥರ್ಮೋಸ್ಟಾಟನ್ನು ತಾನೇ ಮುಂದೆ ನಿಂತು ಕೂರಿಸಿದ್ದೇನೆ ಎಂದ. ತಪ್ಪಿದ್ದರೆ ಪರದೆಯ ಪ್ರೋಗ್ರಾಂ ಬರೆದ ಜೋಮಾರನದು ಎಂದ.

*

ಜೋಮಾರನ ಮುಂದೆ ನೂಡಲ್ಸ್ ಸಾರು ಆರಿ ಹೋಗಿತ್ತು. ತನ್ನೆದುರೇ ಆ ಪ್ರೋಗ್ರಾಮನ್ನು ಮತ್ತೆ ಬರೆದು ತೋರಿಸು ಎಂದಳು ಝೆನೈದಾ.

"ಪೂರ್ಣಾಂಕಗಳ ಹಿಸ್ಟೋಗ್ರಾಂ ಕ್ಲಾಸ್, ಅಂದ್ರೆ ಅಂಕಿ ಎಣಿಸಿ ಕಂಬ ಬಿಡಿಸೋ ಕೋಡ್, ಅಷ್ಟೇ ಮ್ಯಾಮ್."

ಬರೆಯುತ್ತಲೇ ವಿವರಿಸಿದ. ಒಂದೊಂದು ಡಿಗ್ರಿಗೂ ಒಂದೊಂದು ಮನೆ. ಫ್ರಿಡ್ಜಿನ ಉಷ್ಣತೆ ಅಳೆಯುವ ಸೆನ್ಸರಿನಿಂದ ಅಂಕಿ ಬಂದಾಗ ಅದರ ಮನೆಯ ಲೆಕ್ಕಕ್ಕೆ ಒಂದು ಕೂಡುತ್ತದೆ. ಆ ಲೆಕ್ಕಗಳೇ ಪರದೆಯ ಕಂಬಗಳು.

"ಮೈನಸ್ ಮೂರು ಬಂದ್ರೆ?"

"ಬಿಸಾಕಲ್ಲ ಮ್ಯಾಮ್. ಎರಡಕ್ಕಿಂತ ಕೆಳಗಿರೋದಕ್ಕೆಲ್ಲ ಬೇರೆ ಮನೆ ಇದೆ. ಅಲ್ಲಿ ಒಂದು ಬಿದ್ರೂ ಅಲಾರಂ ಹೊಡೆಯುತ್ತೆ."

ಝೆನೈದಾ ತಾನೇ ಮೈನಸ್ ಮೂರು ಒತ್ತಿದಳು. ಅಲಾರಂ ಹೊಡೆಯಿತು. ಉಗ್ರಾಣದ ಪ್ರೋಗ್ರಾಮಿನಲ್ಲೂ ಅದನ್ನೇ ಮಾಡಿಸಿದಳು. ಅಲ್ಲೂ ಹೊಡೆಯಿತು.

ಪ್ರೋಗ್ರಾಂ ನೆಟ್ಟಗಿತ್ತು. ಹಾಗಾದರೆ ಅದಕ್ಕೆ ಬಂದ ಅಂಕಿಗಳೇ ಸುಳ್ಳು. ಸೆನ್ಸರ್ ಪೆಟ್ಟಿಗೆಯ ಪಾಸ್‌ವರ್ಡ್ ಇದ್ದದ್ದು ಇಬ್ಬರ ಬಳಿ, ಡೆಲ್ಫಿನ್ ಮತ್ತು ಜೋಮಾರ್.

ಝೆನೈದಾ ಹಿಂದಿನ ತಿಂಗಳ ಚಿತ್ರ ಕೇಳಿದಳು. ಅದರಲ್ಲಿ ಕಂಬಗಳು ಗುಡ್ಡದ ಹಾಗೆ ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಈ ತಿಂಗಳದ್ದರಲ್ಲೂ ಗುಡ್ಡವಿತ್ತು. ಆದರೆ ಎಡತುದಿಯಲ್ಲಿ, ಎರಡು ಡಿಗ್ರಿಯ ಕಂಬ ಒಂಟಿ ತೆಂಗಿನಮರದಂತೆ ಎದ್ದು ನಿಂತಿತ್ತು.

"ಇದ್ಯಾಕೆ ಹೀಗೆ, ನೊನೊಯ್?" ಅಲ್ಲಿಯವರು ತಮ್ಮನನ್ನು ಕರೆಯುವಂತೆ ಕರೆದು ಕೇಳಿದಳು.

ಜೋಮಾರ್ ಆ ಕಂಬದ ಮೇಲೆ ಬೆರಳಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಇದು ನಿಜಕ್ಕೂ ಎರಡು ಡಿಗ್ರಿ ಇದ್ದಿದ್ದಲ್ಲ ಮ್ಯಾಮ್. ಕೆಳಗೆ ಇಳಿದಿದ್ದನ್ನೆಲ್ಲ ಯಾರೋ ಎರಡು ಅಂತ ಮಾಡಿ ಕಳಿಸ್ತಿದ್ದಾರೆ."

ಸೆನ್ಸರ್ ಪೆಟ್ಟಿಗೆ ತೆರೆದು ನೋಡಿದರು. ಅದರ ಸೆಟ್ಟಿಂಗಿನಲ್ಲಿ ಹೀಗಿತ್ತು, ಕಳಿಸಬೇಕಾದ ಕನಿಷ್ಠ ಅಂಕಿ: ಎರಡು.

*

ಝೆನೈದಾ ಫ್ರಿಡ್ಜಿನ ಬೆನ್ನು ಬಿಚ್ಚಿಸಿದಳು. ಒಳಗಿದ್ದ ಥರ್ಮೋಸ್ಟಾಟ್ ಹಳೆಯದು, ತಿರುಪುಗಳಿಗೆ ತುಕ್ಕು; ತಣಿಸುವುದನ್ನು ಅದು ಸರಿಯಾದ ಹೊತ್ತಿಗೆ ನಿಲ್ಲಿಸುತ್ತಿರಲಿಲ್ಲ. ಹೊಸದೆಲ್ಲಿ? ಡೆಲ್ಫಿನ್‌ನ ಭಾವಮೈದುನ ಬಂದರಿನಲ್ಲಿ ಮೀನಿನ ಶೀತಲಮನೆ ಇಟ್ಟಿದ್ದಾನೆ ಎಂದು ರೊಸೆಂಡಾ ತಗ್ಗಿದ ದನಿಯಲ್ಲಿ ತಿಳಿಸಿದಳು. ಹೊಸದು ಅಲ್ಲೇ ಸಿಕ್ಕಿತು. ಆರೋಗ್ಯ ಇಲಾಖೆಯ ಚೀಟಿಯನ್ನೂ ಕಿತ್ತಿರಲಿಲ್ಲ.

ಅದನ್ನು ತಂದು ಡೆಲ್ಫಿನ್‌ನ ಮೇಜಿನ ಮೇಲಿಟ್ಟಾಗ ಅವನು ಮತ್ತೆ ಜೋಮಾರನತ್ತ ಕೈ ತೋರಿಸಿದ.

"ಅವನಾಗಿದ್ರೆ ಕಂಬ ಹೀಗೆ ಎದ್ದು ಕಾಣೋ ಹಾಗೆ ಬಿಡ್ತಿರಲಿಲ್ಲ ಸರ್," ಎಂದಳು ಝೆನೈದಾ. "ಚಿತ್ರ ಬರೆದವನೇ ಅವನು. ಸುಳ್ಳು ಅಂಕಿಗಳನ್ನ ಮೂರು, ನಾಲ್ಕು, ಐದಕ್ಕೆ ಹಂಚಿಬಿಡ್ತಿದ್ದ. ನಿಮಗೆ ಬೇಕಿದ್ದಿದ್ದು ಅಲಾರಂ ಹೊಡೀಬಾರದು ಅನ್ನೋದಷ್ಟೇ. ಕಂಬಗಳ ಕಡೆ ನೀವು ನೋಡಲೇ ಇಲ್ಲ."

ಡೆಲ್ಫಿನ್ ಕೊನೆಗೆ ಒಪ್ಪಿಕೊಂಡ. ಭಾವಮೈದುನನ ಮೀನು ಕೊಳೆಯುತ್ತಿತ್ತು. ನಾಲ್ಕು ದಿನಕ್ಕೆಂದು ಕೊಟ್ಟ ಹೊಸ ಥರ್ಮೋಸ್ಟಾಟ್ ಅಲ್ಲೇ ಉಳಿಯಿತು. ಹಳೆಯದನ್ನು ಹಾಕಿದ ಮೇಲೆ ಅಲಾರಂ ಬಿಡದೆ ಹೊಡೆಯತೊಡಗಿತ್ತು. ಅದಕ್ಕೇ ಕನಿಷ್ಠ ಅಂಕಿಯನ್ನು ಎರಡು ಮಾಡಿಟ್ಟಿದ್ದ.

"ತಣ್ಣಗಿದ್ರೆ ಏನೂ ಕೆಡಲ್ಲ ಅಂದ್ಕೊಂಡೆ," ಎಂದ.

"ಅದು ಮೀನಿಗೆ, ಸರ್," ಎಂದಳು ರೊಸೆಂಡಾ.

ಬೇರೆ ಊರಿನಿಂದ ತರಿಸಿದ ಲಸಿಕೆಯನ್ನು ಅವಳು ಆಗಲೇ ತಂಪು ಪೆಟ್ಟಿಗೆಗೆ ತುಂಬುತ್ತಿದ್ದಳು. ಒಮ್ಮೆ ಅತ್ತು ಸುಮ್ಮನಾದ ಕೂಸುಗಳನ್ನೆಲ್ಲ ಹುಡುಕಿ ಮತ್ತೆ ಚುಚ್ಚಿ ಅಳಿಸಬೇಕಿತ್ತು. ಪೆಟ್ಟಿಗೆಯ ಇನ್ನೊಂದು ಹಿಡಿಯನ್ನು ಜೋಮಾರ್ ಎತ್ತಿಕೊಂಡ.